ಸೋಮವಾರ ಮಸೆದ ಅಲಗು

ಎಡಗೆನ್ನೆಗೆ ಕೀಲಿನ ರೇಜರ್, ಬಲಗೆನ್ನೆಗೆ ಡಬ್ಬಿಯ ರೇಜರ್. ಮೂಗಿನ ತುದಿಯಿಂದ ಗದ್ದದವರೆಗೆ ಮನಸ್ಸಿನಲ್ಲೇ ಒಂದು ಗಡಿ ಎಳೆದುಕೊಂಡು ಶಿವಶಂಕರ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತಿದ್ದ. ಗಡಿ ಎಳೆಯುವುದು ಅವನ ಕಸುಬು. ಕೊಟ್ಟೂರು ತಾಲ್ಲೂಕು ಕಚೇರಿಯ ಸರ್ವೇಯರ್ ಆದ ಅವನ ಅನುಭವದಲ್ಲಿ, ಬದುವಿನ ಕಲ್ಲನ್ನು ಒಮ್ಮೆಯಾದರೂ ಕಾಲಿನಿಂದ ಒತ್ತಿ ಸರಿಸದ ಮನುಷ್ಯನಿಲ್ಲ. ಆ ಅನುಮಾನದ ಕಣ್ಣು ಸಂಜೆ ಕಚೇರಿಯಲ್ಲಿ ಉಳಿಯುವಂಥದ್ದಲ್ಲ, ಅವನ ಜೊತೆ ಮನೆಗೂ ಬರುತ್ತಿತ್ತು. ಟೀ ಡಬ್ಬಿ ಅತ್ತ ಸರಿದಿದ್ದರೂ, ಚಪ್ಪಲಿಯ ಮೂತಿ ತಿರುಗಿದ್ದರೂ ಅವನಿಗೆ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ಹೇಳುತ್ತಿರಲಿಲ್ಲ, ಒಳಗೇ ಇಟ್ಟುಕೊಂಡು ತಿರುತಿರುಗಿಸಿ ನೋಡುತ್ತಿದ್ದ. ಹೆಂಡತಿ ಯಶೋಧಾ ಇದಕ್ಕೆ ಅಳತೆ ರೋಗ ಎಂದು ಹೆಸರಿಟ್ಟಿದ್ದಳು.

ಅವನು ಕೂಡಿಸಿಟ್ಟವೆಲ್ಲ ಅಜ್ಜಂದಿರ ಕಾಲದ, ಒಂದೇ ಅಲಗಿನ ರೇಜರುಗಳು. ಈಗಿನ ಬ್ಲೇಡಿನ ಹಾಗೆ ಎರಡೂ ಕಡೆ ಕೊಯ್ಯುವ ತೆಳು ತಗಡಲ್ಲ. ಒಂದು ಕಡೆ ಅಲಗು, ಇನ್ನೊಂದು ಕಡೆ ದಪ್ಪ ಬೆನ್ನು. ಕೀಲಿನದು ಬಾಯಿ ತೆರೆದು ಬ್ಲೇಡು ಕಚ್ಚಿಕೊಳ್ಳುತ್ತದೆ. ತಲೆಯನ್ನು ಕೆನ್ನೆಗೆ ಪೂರ್ತಿ ಮಲಗಿಸಿ ಹಿಡಿದರೆ ಸರಿ, ತುಸು ಎತ್ತಿದರೂ ಚರ್ಮ ಕೆರೆಯುತ್ತದೆ. ಇನ್ನೊಂದರ ಮುಂದೆ ಮೊರದಂಥ ತಟ್ಟೆ, ನೊರೆಯೆಲ್ಲ ಅದರಲ್ಲಿ ತುಂಬಿಕೊಳ್ಳುತ್ತದೆ. ನೋಡಲು ಚೆಂದ, ಮೂಗಿನ ಕೆಳಗೆ ಹೋಗುವುದಿಲ್ಲ. ಮೂರನೆಯದೇ ಡಬ್ಬಿಯದು. ಅಂಗೈಯಗಲದ ಉಕ್ಕಿನ ಡಬ್ಬಿ. ಒಂದು ಮುಚ್ಚಳದ ಒಳಗೆ ಸಾಣೆಕಲ್ಲು, ಇನ್ನೊಂದರ ಒಳಗೆ ಚರ್ಮದ ಪಟ್ಟಿ, ನಡುವೆ ಅಲಗು. ಬದಿಯ ಹಿಡಿಯನ್ನು ಹಿಂದೆ ಮುಂದೆ ಎಳೆದರೆ ಅಲಗು ಚರ್ಮದ ಮೇಲೆ ಹರಿದು, ತುದಿ ಮುಟ್ಟಿದಾಗ ತಾನಾಗಿ ಮಗ್ಗಲು ಬದಲಿಸುತ್ತದೆ. ಆಗ ಟಕ್ ಎಂದು ಸದ್ದು. ಮಸೆದಾದ ಮೇಲೆ ಅಲಗನ್ನು ಬಿಡಿಸಿ ಸಣ್ಣ ಹಿಡಿಕೆಗೆ ಸಿಕ್ಕಿಸಿ ದಾಡಿ ಮಾಡಿಕೊಳ್ಳಬೇಕು. ಮೂರನ್ನೂ ತಿಂಗಳುಗಟ್ಟಲೆ ಕೆನ್ನೆಗೊಂದರಂತೆ ಪರೀಕ್ಷಿಸಿ, ಡಬ್ಬಿಯದಕ್ಕೆ ಸಾಟಿಯಿಲ್ಲ ಎಂಬಲ್ಲಿಗೆ ಅವನು ಬಂದಿದ್ದ. ಕಚೇರಿಯಲ್ಲಿ ಅವನ ಒಂದು ಕೆನ್ನೆ ಕೆಂಪಗೆ, ಒಂದು ಕೆನ್ನೆ ನುಣ್ಣಗೆ ಇರುವುದನ್ನು ನೋಡಿ ನಗುವವರಿದ್ದರು. ನಗಲಿ ಎಂದು ಬಿಟ್ಟಿದ್ದ.

ಈಗ ಬಲಗೆನ್ನೆಯ ಮೇಲೆ ಅಲಗು ಓಡುತ್ತಿತ್ತು, ಓಡಬಾರದಿತ್ತು. ಮಸೆಯದೆ ಎಷ್ಟು ದಿನ ಬಾಳುತ್ತದೆ ನೋಡೋಣವೆಂದು ಹೋದ ವಾರದಿಂದ ಅದನ್ನು ಚರ್ಮದ ಪಟ್ಟಿಗೆ ಮುಟ್ಟಿಸಿಯೇ ಇರಲಿಲ್ಲ. ಭಾನುವಾರ ಕೂದಲು ಜಗ್ಗಿ ಕಣ್ಣಲ್ಲಿ ನೀರು ತರಿಸಿತ್ತು. ಸೋಮವಾರ ಅವರ ಮನೆತನದಲ್ಲಿ ಮುಖಕ್ಕೆ ಕತ್ತಿ ಮುಟ್ಟಿಸುವ ಪದ್ಧತಿಯಿಲ್ಲ. ಶಿವನ ವಾರ ಎಂದು ಅಪ್ಪ ಬಿಟ್ಟಿದ್ದ, ಅಪ್ಪ ಬಿಟ್ಟಿದ್ದನೆಂದು ಇವನೂ ಬಿಟ್ಟಿದ್ದ. ಇವತ್ತು ಮಂಗಳವಾರ, ಅಲಗು ಇನ್ನೂ ಮೊಂಡಾಗಿರಬೇಕಿತ್ತು. ಆದರೆ ನೊರೆಯ ಕೆಳಗೆ ಅದು ಸದ್ದಿಲ್ಲದೆ ಇಳಿಯುತ್ತಿದೆ, ಹಿಂದೆ ಉಳಿದ ಚರ್ಮ ತಣ್ಣಗಿದೆ. ಅಂದರೆ ಸೋಮವಾರ ಯಾರೋ ಮಸೆದಿದ್ದಾರೆ. ಯಾರು? ಮಗಳು ದಾವಣಗೆರೆಯ ಹಾಸ್ಟೆಲಿನಲ್ಲಿದ್ದಾಳೆ. ಹಗಲು ಅವನು ಕಚೇರಿಯಲ್ಲಿರುತ್ತಾನೆ. ಮನೆಯಲ್ಲಿರುವುದು ಯಶೋಧಾ ಒಬ್ಬಳೇ. ಒಬ್ಬಳೇ? ಆ ಪ್ರಶ್ನೆ ತಲೆಗೆ ಬಂದದ್ದಕ್ಕೆ ನಾಚಿಕೆಯಾಯಿತು, ಆದರೂ ಕೈ ತಾನಾಗಿ ಚಾಚಿತು, ಗೂಟದ ಮೇಲಿದ್ದ ಟವೆಲ್ಲನ್ನು ಎಳೆದು ಮೂಸಿದ. ತನ್ನದೇ ಬೆವರು. ಬೆಳಿಗ್ಗೆ ಅವನು ಮುಟ್ಟುವ ಮೊದಲು ಬ್ರಶ್ಶು ಒಣಗಿತ್ತು, ಸೋಪಿನ ಬಿರುಕೂ ಹಾಗೆಯೇ ಇತ್ತು. ಮಸೆದವರು ದಾಡಿ ಮಾಡಿಕೊಂಡಿಲ್ಲ. ದಾಡಿ ಮಾಡಿಕೊಳ್ಳದವರು ಮಸೆಯುವುದಾದರೂ ಯಾಕೆ? ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಕಾಲುಗಳ ನೆರಳು ಕಂಡಿತು.

"ಯಾರು?" ಎಂದ.

"ನಾನ್ರಿ. ಬಿಸಿನೀರು ಸಾಕೇನು ಅಂತ ಕೇಳಾಕ ಬಂದೆ."

"ಸಾಕು."

ನೆರಳು ಅಲ್ಲೇ ಇತ್ತು. ಈ ಡಬ್ಬಿ ಮನೆಗೆ ಬಂದಾಗಿನಿಂದ ಅವಳು ಹೀಗೆ ನಿಲ್ಲುತ್ತಾಳೆ. ಮೊದಲು, ಕೊಯ್ದುಕೊಂಡೇನೆಂಬ ಭಯ ಇರಬೇಕು ಎಂದುಕೊಂಡಿದ್ದ. ಆಮೇಲೆ, ಬಚ್ಚಲಲ್ಲಿ ನಿಂತು ಯಾರಿಗೋ ಫೋನು ಮಾಡುತ್ತೇನೆಂದು ಕಾಯುತ್ತಾಳೆ ಎಂದುಕೊಂಡಿದ್ದ. ಇವಳು ನನ್ನನ್ನು ಅನುಮಾನಿಸುತ್ತಾಳಲ್ಲ ಎಂದು ಒಂದು ರೀತಿಯ ಹೆಮ್ಮೆಯೂ ಆಗಿತ್ತು. ಹೋದ ವಾರ ಅವನು ಮಸೆಯುವುದು ನಿಲ್ಲಿಸಿದಾಗ ಆ ನೆರಳು ತುಂಬಾ ಹೊತ್ತು ಕಾದು, ಕಾಲೆಳೆಯುತ್ತಾ ಹೋಗಿತ್ತು ಎಂಬುದು ಈಗ ನೆನಪಾಯಿತು.

ರೇಜರನ್ನು ತೊಳೆದು ಕಿಟಕಿಯ ಬೆಳಕಿಗೆ ಹಿಡಿದ. ಹಿಡಿಕೆಯ ಬುಡ ಅಲುಗದಂತೆ ಅಲ್ಲಿಗೆ ಏನೋ ಸುತ್ತಿತ್ತು. ಕೊಂಡಾಗಲೂ ಇತ್ತು, ಮಾರಿದ ಇಸಾಕಸಾಬನ ರಿಪೇರಿ ಎಂದುಕೊಂಡು ಕಣ್ಣು ಹಾಯಿಸಿರಲಿಲ್ಲ. ಈಗ ಉಗುರಿನಿಂದ ಮೀಟಿ ನೋಡಿದರೆ ಅದು ದಾರವಲ್ಲ, ಬಾಳೆನಾರು. ಅದೂ ಹಳೆಯದಲ್ಲ, ಯಾರೋ ಈಚೆಗೆ ಬದಲಿಸಿ ಸುತ್ತಿದ, ಇನ್ನೂ ಹಸಿರುಬಿಳುಪು ಉಳಿದ ಹೊಸ ನಾರು. ಎಳೆಯನ್ನು ಹೆಬ್ಬೆರಳಿನ ಸುತ್ತ ತಿರುವಿ, ಕೆಳಗಿನಿಂದ ತೂರಿಸಿ ಎಳೆದ ಗಂಟು. ಕೊಟ್ಟೂರಿನಲ್ಲಿ ಯಾರೂ ಹೀಗೆ ಗಂಟು ಹಾಕುವುದಿಲ್ಲ. ಯಶೋಧಾಳ ತವರು ಹೂವಿನಹಡಗಲಿಯ ಮಲ್ಲಿಗೆ ತೋಟದವರು ಮಾಲೆ ಕಟ್ಟುವಾಗ ಹಾಕುವ ಗಂಟು ಅದು. ಅಡುಗೆಮನೆಯ ಗೂಡಿನಲ್ಲಿದ್ದ ದೇವರ ಫೋಟೋಕ್ಕೆ ಯಶೋಧಾ ನಿನ್ನೆ ಹಾಕಿದ್ದ ಮಾಲೆಯನ್ನು ಹೋಗಿ ಮುಟ್ಟಿ ನೋಡಿದ. ಅದೇ ನಾರು, ಅದೇ ಗಂಟು. ಒಲೆಯ ಮುಂದಿನಿಂದ ಅವಳು, "ಏನು ಹುಡುಕಾಕ ಹತ್ತೀರಿ?" ಎಂದಳು. "ಬೆಂಕಿಪೊಟ್ನ," ಎಂದ, ಎದುರಿಗೇ ಇದ್ದ ಬೆಂಕಿಪೊಟ್ಟಣವನ್ನು ನೋಡುತ್ತಾ.

ಕಚೇರಿಗೆ ಹೋಗುವ ದಾರಿಯಲ್ಲಿ ಒಂದರ ಹಿಂದೊಂದು ನೆನಪಾಗತೊಡಗಿದವು. ಹಡಗಲಿಯ ಗಂಟು, ಹಡಗಲಿಯ ಮನೆ, ಅಲ್ಲಿನ ಪಡಸಾಲೆ. ಮಾವ ಅಜ್ಜಯ್ಯನವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಮಾವನಿಗೂ ಅವನಿಗೂ ಆಗಿಬರುತ್ತಿರಲಿಲ್ಲ. ಮದುವೆಯ ಮರುದಿನವೇ, ಊಟದ ಪಂಕ್ತಿಯಲ್ಲಿ ಎಲ್ಲರ ಎದುರು, "ಅಳಿಯಂದ್ರ ಗದ್ದದ ಕೆಳಗ ಪೈರು ಹಂಗ ಉಳದೈತಲ್ರಿ, ಸರ್ವೇ ಮಾಡುವಾಗ ಬಿಟ್ಟೀರೇನು?" ಎಂದು ನಗಿಸಿದ ಮನುಷ್ಯ. ಮಾವ ಮಾತ್ರ ತನ್ನ ಮುಖ ಕನ್ನಡಿಯ ಹಾಗೆ ಇಟ್ಟುಕೊಳ್ಳುತ್ತಿದ್ದ. ಅದಕ್ಕೊಂದು ದಾಡಿ ಡಬ್ಬಿ ಇತ್ತು, ಮಾವನಿಗೆ ತನ್ನ ಅಜ್ಜನಿಂದ ಬಂದದ್ದು. ಕತ್ತಲಿರುವಾಗಲೇ ಎದ್ದು ಬಾಗಿಲು ಹಾಕಿಕೊಂಡು ದಾಡಿ ಮುಗಿಸಿ ತೋಟಕ್ಕೆ ಹೋಗುತ್ತಿದ್ದ. ಶಿವಶಂಕರ ಅದನ್ನು ಕಣ್ಣಿನಿಂದ ಕಂಡಿರಲಿಲ್ಲ. ಒಮ್ಮೆ ರೇಜರ್ ಮರೆತು ಹೋದಾಗ, "ನಿಮ್ಮದು ಕೊಡ್ರಿ ಮಾವಾರ," ಎಂದು ಕೇಳಿದ್ದ. "ಅದು ಬ್ಯಾರೆ ಕೈಗೆ ಬರಂಗಿಲ್ರಿ," ಎಂದು ಹೇಳಿ ಪೇಟೆಯ ಸಲೂನಿಗೆ ಕಳಿಸಿದ್ದ. ಗದ್ದ ಸವರಿಕೊಳ್ಳುತ್ತಾ ಪೇಟೆಗೆ ನಡೆದ ಆ ಬೆಳಗಿನ ಉರಿ ಇವತ್ತಿಗೂ ಆರಿಲ್ಲ. ಹಳೆಯ ರೇಜರುಗಳ ಹುಚ್ಚು ಅವತ್ತೇ ಹತ್ತಿತೋ ಏನೋ, ಹಾಗೆಂದು ಒಪ್ಪಿಕೊಳ್ಳಲು ಮನಸ್ಸು ಬಾರದು.

ಆ ಮನೆತನದಲ್ಲಿ ಗಂಡಸು ಸತ್ತರೆ ಅವನ ದಾಡಿ ಸಾಮಾನು ಮನೆಯಲ್ಲಿ ಉಳಿಯಬಾರದು. ಹೆಣಕ್ಕೆ ಕೊನೆಯ ಕ್ಷೌರ ಮಾಡಿದವನಿಗೆ ಬಟ್ಟೆಯ ಗಂಟಿನ ಜೊತೆ ಅದನ್ನೂ ಕೊಟ್ಟು ಕಳಿಸಬೇಕು. ಅಜ್ಜಯ್ಯನವರ ಮಣ್ಣಾದ ಮೇಲೆ ಕ್ಷೌರದ ಹನುಮಣ್ಣ ಅಂಗಳದಲ್ಲಿ ಗಂಟು ಬಿಚ್ಚಿ, "ಎಲ್ಲಾ ಐತ್ರಿ, ಡಬ್ಬಿ ಇಲ್ಲ," ಎಂದ. ಬೆಳಿಗ್ಗೆ ಗಂಟಿನಲ್ಲಿಟ್ಟದ್ದನ್ನು ಎಲ್ಲರೂ ಕಂಡಿದ್ದರು. ಅಂಗಳದ ಅಷ್ಟೂ ಕಣ್ಣುಗಳು ನಿಧಾನವಾಗಿ ಅವನ ಕಡೆ ತಿರುಗಿದವು, ಹಳೆಯ ರೇಜರುಗಳ ಅಳಿಯನ ಕಡೆ. ಕೊನೆಗೆ ಯಶೋಧಾಳ ತಮ್ಮ ಕ್ರಾಂತಿ ತಲೆ ಕೆರೆದುಕೊಳ್ಳುತ್ತಾ ಹತ್ತಿರ ಬಂದ. "ಭಾವ, ತಪ್ಪು ತಿಳ್ಕೋಬ್ಯಾಡ್ರಿ. ಗದ್ದಲದಾಗ ನಿಮ್ಮ ಚೀಲದಾಗೇನರ ಬಂದೈತೇನು, ಒಂದೀಟು ನೋಡ್ರಿ." ಶಿವಶಂಕರ ಚೀಲವನ್ನು ಅಲ್ಲೇ, ಎಲ್ಲರ ಮುಂದೆ ಬೋರಲು ಹಾಕಿ ಕೊಡವಿದ. ಲುಂಗಿ, ಬನಿಯನ್ನು, ಗುಳಿಗೆಯ ಹಾಳೆ ಬಿದ್ದವು, ಡಬ್ಬಿ ಬೀಳಲಿಲ್ಲ. ಆದರೂ ಅವನು ಕದ್ದಿಲ್ಲವೆಂದು ಯಾರೂ ನಂಬಿದಂತೆ ಕಾಣಲಿಲ್ಲ. ಜಾಣ ಕಳ್ಳ ಚೀಲದಲ್ಲಿ ಇಟ್ಟಾನೆಯೇ ಎಂಬಂತೆ ನೋಡಿದರು. ಆಮೇಲೆ ಹಡಗಲಿಗೆ ಹೋದಾಗಲೆಲ್ಲ ಅವರು ಮಾತಾಡುವುದು ಅವನ ಕಣ್ಣು ನೋಡಿ ಅಲ್ಲ, ಗದ್ದ ನೋಡಿ. ಮತ್ತು ಅವತ್ತು ಯಶೋಧಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಒಂದು ಮಾತೂ ಆಡದೆ. ದುಃಖದಲ್ಲಿದ್ದಾಳೆ ಎಂದುಕೊಂಡಿದ್ದ.

ಶನಿವಾರ ರಜೆಯಿತ್ತು. ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು, ಇಸಾಕಸಾಬನ ಅಂಗಡಿಗೆಂದು ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದ. ಬಸ್ಸಿನಲ್ಲಿ ಕೂತು ಇಸಾಕಸಾಬ ಡಬ್ಬಿ ಮಾರಿದ ದಿನ ಆಡಿದ ಒಂದೊಂದು ಮಾತನ್ನೂ ಮೇಲೆತ್ತಿ ನೋಡಿದ. ಸ್ಟೋವು, ಬೀಗ, ಹಳೆಯ ಗಡಿಯಾರ ರಿಪೇರಿ ಮಾಡುವ ಇಸಾಕಸಾಬ ತಾನಾಗಿ ಯಾವತ್ತೂ ಫೋನು ಮಾಡುವವನಲ್ಲ, ಅವತ್ತು ಮಾಡಿದ್ದ. ಡಬ್ಬಿಯ ಮೇಲೆ ಹೊಸ ಕಲಾಯಿ ಹೊಳೆಯುತ್ತಿತ್ತು. ಚೌಕಾಸಿ ಮಾಡದೆ, ಶಿವಶಂಕರ ಅಂದಷ್ಟಕ್ಕೇ ಕೊಟ್ಟಿದ್ದ. ಯಾವ ರೈತನಾದರೂ ಹೀಗೆ ತಕರಾರಿಲ್ಲದೆ ಗಡಿ ಒಪ್ಪಿಕೊಂಡರೆ ಶಿವಶಂಕರ ಮತ್ತೊಮ್ಮೆ ಅಳತೆಯ ಸರಪಳಿ ಹಿಡಿಯುತ್ತಿದ್ದ. ಇಲ್ಲಿ ಹಿಡಿಯಲಿಲ್ಲ. ಯಾಕೆಂದರೆ ಡಬ್ಬಿ ಬೇಕಾಗಿತ್ತು. ಮಾವ ಕೊಡದೆ ಇದ್ದಂಥದ್ದೇ ಒಂದು ತನಗೂ ಬೇಕಾಗಿತ್ತು. ಅಂಥದ್ದೇ ಯಾಕೆ, ಅದೇ ಯಾಕಾಗಿರಬಾರದು ಎಂದು ಕೇಳಿಕೊಳ್ಳುವ ಧೈರ್ಯ, ಎಲ್ಲರನ್ನೂ ಅನುಮಾನಿಸುವ ಈ ಮನುಷ್ಯನಿಗೆ ಬಂದಿರಲಿಲ್ಲ.

ಇಸಾಕಸಾಬ ಡಬ್ಬಿಯನ್ನು ಕಂಡ ಕೂಡಲೇ ಕನ್ನಡಕ ತೆಗೆದು ಒರೆಸತೊಡಗಿದ. "ಯಾಕ್ರಿ ಸರ, ಕೂದ್ಲಾ ತಗಿಯವಲ್ದೇನು?"

"ತಗೀತೈತಿ. ಚೊಲೋ ತಗೀತೈತಿ. ಎಲ್ಲಿಂದ ಬಂತು ಇದು?"

"ಹಳೇ ಮಾಲು ನೋಡ್ರಿ. ಹರಪನಳ್ಳಿ ಕಡಿಂದ ಯಾರೋ ತಂದಿದ್ರು."

"ಅವತ್ತು ಕೂಡ್ಲಿಗಿ ಕಡಿಂದ ಅಂದಿದ್ದಿ."

"ಕೂಡ್ಲಿಗಿನ ಇರಬೇಕ್ರಿ. ವಯಸ್ಸಾತು." ಮತ್ತೆ ಕನ್ನಡಕ ಒರೆಸಿದ. ಅದರಲ್ಲಿ ಒರೆಸುವಂಥದ್ದು ಏನೂ ಉಳಿದಿರಲಿಲ್ಲ.

"ತಿರುಗಿ ತಗೋ ಹಂಗಾರ. ನನಗ ಬ್ಯಾಡ ಇದು."

ಇಸಾಕಸಾಬನ ಕೈ ನಿಂತಿತು. ಡಬ್ಬಿಯನ್ನು ಮುಟ್ಟದೆ, ಅದು ಬಿಸಿಯಿದೆಯೇನೋ ಎಂಬಂತೆ ಬೆರಳು ಹಿಂದೆಗೆದ. "ನನಗ ಕೊಡಬ್ಯಾಡ್ರಿ ಸರ. ನಾ ಮಾತು ಕೊಟ್ಟೀನಿ. ತಿರುಗಿ ಕೊಡೋದಾದ್ರ ಕೊಟ್ಟೋರಿಗೇ ಕೊಡ್ರಿ. ಮನಿಗೆ ಹೋಗ್ರಿ, ಜಗಳಾ ಮಾಡಬ್ಯಾಡ್ರಿ. ಅವರು ಅದನ್ನ ಇಲ್ಲಿಟ್ಟು ಎದ್ದು ಹೋಗುವಾಗ ಬಾಗಲ್ದಾಗ ನಿಂತು ಅತ್ರು, ನನ್ನ ಮಗಳು ಅತ್ತಂಗಾತು ನನಗ."

ಸೋಮವಾರ ಬೆಳಿಗ್ಗೆ ಇಟ್ಟಿಗಿಯ ಕಡೆ ಅಳತೆ ಇದೆ ಎಂದು ಹೇಳಿ ಹೊರಬಿದ್ದ. ಇಟ್ಟಿಗಿ ತನ್ನ ತಾಲ್ಲೂಕಲ್ಲ, ಹಡಗಲಿಯದು ಎಂಬುದು ಬೀದಿ ತಿರುಗಿದ ಮೇಲೆ ಹೊಳೆಯಿತು. ಅವಳಿಗೂ ಹೊಳೆದಿರಬಹುದು. ಒಂದು ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತೆಗೆದುಕೊಂಡು, ತಿನ್ನದೆ, ಹಿತ್ತಿಲಿನ ಗೇಟಿನಿಂದ ತನ್ನ ಮನೆಗೆ ತಾನೇ ಕಳ್ಳನಂತೆ ಬಂದ. ಒಣಗಲು ಹಾಕಿದ ಸೀರೆಯ ಹಿಂದೆ ನಿಲ್ಲುವಾಗ ಪಕ್ಕದ ಮನೆಯ ಭರಮಮ್ಮ ಕಂಡಳು. ಅವಳಿಗೆ ಏನೆಂದು ಹೇಳುವುದು ತಿಳಿಯದೆ ನೆಲದಲ್ಲಿ ಏನೋ ಬಿದ್ದಿರುವಂತೆ ಹುಡುಕಿದ. ಆಗ ಒಳಗಿನಿಂದ ಕೇಳಿಸಿತು. ಟಕ್. ಬಿಟ್ಟು, ಟಕ್. ತಾನು ಎಳೆದಾಗ ಬರುವ ಸದ್ದಲ್ಲ ಇದು. ತನ್ನದು ಗಡಿಬಿಡಿಯದು, ಕಚೇರಿಗೆ ಹೊರಟವನದು. ಇದು ಎಳೆದು, ತಡೆದು, ಉಸಿರು ಬಿಟ್ಟು, ಮತ್ತೆ ಎಳೆಯುವ ಸದ್ದು. ಸೀರೆ ಸರಿಸಿ ಕಿಟಕಿಯಲ್ಲಿ ಇಣುಕಿದ. ಯಶೋಧಾ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಡಬ್ಬಿ, ಪಕ್ಕದಲ್ಲಿ ಇನ್ನೂ ಕಟ್ಟದ ಮಲ್ಲಿಗೆ ಮೊಗ್ಗು. ಬೇರೆ ಯಾರೂ ಇರಲಿಲ್ಲ. ಇಲ್ಲದ ಆ ಇನ್ನೊಬ್ಬನನ್ನು ಇಷ್ಟು ದಿನ ಮನಸ್ಸಿನಲ್ಲಿ ಕೂರಿಸಿಕೊಂಡಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮದುವೆಯಾದ ಹೊಸತರಲ್ಲಿ ಅವಳು ಹೇಳಿದ್ದಳು, ಅವನು ಅರ್ಧ ಕೇಳಿದ್ದ: "ಅಪ್ಪನ ಡಬ್ಬಿ ಸಪ್ಪಳಕ್ಕ ನಮಗ ಎಚ್ಚರ ಆಗ್ತಿತ್ತು. ಸಪ್ಪಳ ನಿಲ್ಲೋತನ ಮಲಗಬೌದಿತ್ತು, ನಿಂತ ಮ್ಯಾಲೆ ಎದ್ದು ಮೊಗ್ಗಿ ಬಿಡಿಸಾಕ ಹೋಗಬೇಕಿತ್ತು. ಅದಕ ದಿನಾ ಬೇಡ್ಕೊಂತಿದ್ದೆ, ಇವತ್ತು ಅಪ್ಪ ಜಾಸ್ತಿ ಹೊತ್ತು ಮಸೀಲಿ ಅಂತ." ಈಗ ಆ ಮಾತು ಪೂರ್ತಿ ಕೇಳಿಸಿತು. ಸತ್ತವನ ಡಬ್ಬಿಯನ್ನು ಮನೆಯಲ್ಲಿಡುವುದು ತಪ್ಪು. ಅವಳು ತಾನಾಗಿ ತಂದರೆ ಗಂಡ ಅದನ್ನು ಹಡಗಲಿಗೆ ಒಯ್ದು ಎಲ್ಲರ ಮುಂದೆ ಬಿಸಾಕಿ ತನ್ನ ಹೆಸರು ತೊಳೆದುಕೊಳ್ಳುತ್ತಾನೆ. ಅದಕ್ಕೇ ಇಸಾಕಸಾಬನ ಅಂಗಡಿಯ ಹಾದಿಯಿಂದ ಬರಮಾಡಿಕೊಂಡಳು, ಅವನ ಕೈಯಿಂದಲೇ. ಎಷ್ಟು ಸರಿಯಾಗಿ ಅಳೆದಿದ್ದಾಳೆ ನನ್ನನ್ನು! ಕರುಣೆ ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. ನಾನು ಚೀಲ ಕೊಡವುತ್ತಿದ್ದಾಗ ಆ ಡಬ್ಬಿ ಅವಳ ಸೆರಗಿನ ಕೆಳಗಿತ್ತು. ಬಾಯಿ ಬಿಡಲಿಲ್ಲ. ತನ್ನ ಅಪ್ಪನ ಸಪ್ಪಳಕ್ಕಾಗಿ ನನ್ನನ್ನು ಕಳ್ಳನಾಗಲು ಬಿಟ್ಟಳು. ಒಳಗೆ ಹೋಗದೆ, ಬಂದ ಹಾದಿಯಲ್ಲೇ ಗೇಟು ದಾಟಿದ.

ಸಂಜೆ ಕ್ರಾಂತಿಯ ಫೋನು ಬಂತು. ಅಪ್ಪನ ವರ್ಷದ ಕಾರ್ಯಕ್ಕೆ ಕರೆಯಲು ನಾಳೆ ಬೆಳಿಗ್ಗೆ ಬರುತ್ತೇನೆ ಎಂದ. ಶಿವಶಂಕರನಿಗೆ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಕ್ರಾಂತಿ ಬಂದು ಕೂರುತ್ತಾನೆ, ಟೀಪಾಯಿಯ ಮೇಲೆ ಡಬ್ಬಿ ಇಡುತ್ತೇನೆ, ನೋಡಪ್ಪಾ ನಿಮ್ಮ ಅಕ್ಕನ ಕೆಲಸ ಎನ್ನುತ್ತೇನೆ. ವಾಕ್ಯವನ್ನು ಊಟದ ಹೊತ್ತಿಗೆ ಹಲವು ರೀತಿ ತಿದ್ದಿದ. ರೊಟ್ಟಿ ಬಡಿಸುತ್ತಾ ಯಶೋಧಾ, "ನಾಳೆ ಕ್ರಾಂತಿ ಬರ್ತಾನಂತ. ನೀವು ದಾಡಿ ಮಾಡ್ಕೊಳ್ಳೋ ಹೊತ್ತಿಗೆ," ಎಂದಳು.

"ನಾಳೆ ಯಾವ ರೇಜರ್ ತಗೊಳ್ಳಲಿ?" ಎಂದ, ಅವಳ ಮುಖವನ್ನೇ ನೋಡುತ್ತಾ.

ರೊಟ್ಟಿಯ ಕೈ ಅರೆಗಳಿಗೆ ನಿಂತಿತು. "ನಿಮಗ ಯಾವುದು ಬರ್ತೈತೋ ಅದು," ಎಂದಳು. ಸೀರೆಯ ಹಿಂದೆ ನಿಂತದ್ದನ್ನು ಭರಮಮ್ಮ ಹೇಳಿರಬಹುದೇ? ನನಗೆ ಗೊತ್ತಾಯಿತೆಂದು ಇವಳಿಗೆ ಗೊತ್ತಾಯಿತೇ? ಅವನು ಪಲ್ಯ ಬೇಡವೆಂದ.

ಬೆಳಿಗ್ಗೆ ಬಚ್ಚಲ ಬಾಗಿಲು ಹಾಕಿಕೊಂಡಾಗ ಕ್ರಾಂತಿ ಪಡಸಾಲೆಯಲ್ಲಿದ್ದ. ಬಸ್ಸು ಬೇಗ ಸಿಕ್ಕಿದ್ದು, ಮಲ್ಲಿಗೆಯ ದರ ಬಿದ್ದದ್ದು, ಎಲ್ಲ ಕೇಳಿಸುತ್ತಿತ್ತು. ಬಸ್ಸಿನಲ್ಲಿ ಅವನು ತಂದ ಹೂವಿನ ವಾಸನೆ ಬಾಗಿಲ ಸಂದಿಯಿಂದಲೂ ಬರುತ್ತಿತ್ತು. ಕಪಾಟಿನ ಹಲಗೆಯ ಮೇಲೆ ಮೂರೂ ಇದ್ದವು. ಕೀಲಿನದನ್ನು ತೆಗೆದುಕೊಂಡರೆ ಏನೂ ಆಗುವುದಿಲ್ಲ. ಕ್ರಾಂತಿ ಊಟ ಮಾಡಿ ಹೋಗುತ್ತಾನೆ, ನಾನು ಕಳ್ಳನಾಗಿಯೇ ಉಳಿಯುತ್ತೇನೆ. ಡಬ್ಬಿಯನ್ನು ಎಳೆದರೆ ಮೊದಲ ಸದ್ದಿಗೇ ಅವನಿಗೆ ಗೊತ್ತಾಗುತ್ತದೆ; ಅವನೂ ಅದೇ ಸಪ್ಪಳಕ್ಕೆ ಎದ್ದು ಬೆಳೆದವನು. ಆಗ ನಾನು ಬಾಗಿಲು ತೆರೆದು ಹೆಂಡತಿಯ ಹೆಸರು ಹೇಳಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡು ಕಳ್ಳತನ ಒಪ್ಪಿಕೊಳ್ಳಬೇಕು. ರಾತ್ರಿಯೆಲ್ಲ ತಿದ್ದಿದ ವಾಕ್ಯ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಆದರೆ ಬಾಗಿಲ ಕೆಳಗೆ ಆ ಕಾಲುಗಳ ನೆರಳು ಬಂದು ನಿಂತಿತು, ತಮ್ಮ ಪಡಸಾಲೆಯಲ್ಲಿ ಕೂತಿದ್ದರೂ, ಕೇಳಿಸಿದರೆ ತನಗೇ ಅಪಾಯ ಎಂದು ಗೊತ್ತಿದ್ದರೂ. ಅವಳು ಬಂದು ನಿಂತದ್ದು ತಡೆಯಲಿಕ್ಕೋ ಕೇಳಲಿಕ್ಕೋ? ಅವನ ಕೈ ಡಬ್ಬಿಯನ್ನು ತೆಗೆದುಕೊಂಡಿತು. ಅವಳಿಗಾಗಿ ತೆಗೆದುಕೊಂಡೆನೋ, ಅವಳನ್ನು ಹಿಡಿದುಹಾಕಲು ತೆಗೆದುಕೊಂಡೆನೋ ಅವನಿಗೆ ತಿಳಿಯಲಿಲ್ಲ. ತನ್ನ ಕೈಯ ಮೇಲೂ ತನಗೆ ಅನುಮಾನ ಬಂತು. ಮುಚ್ಚಳ ತೆಗೆದು ಎಳೆದ. ಟಕ್. ಹೆದರಿಕೆಗೆ ಜೋರಾಗಿ ಎಳೆದ. ಟಕ್ ಟಕ್ ಟಕ್.

ಪಡಸಾಲೆಯ ಮಾತು ನಿಂತಿತು. ಕಪ್ಪನ್ನು ಬಸಿಯ ಮೇಲೆ ಇಟ್ಟ ಸದ್ದಾಯಿತು. ಕುರ್ಚಿ ಹಿಂದೆ ಸರಿಯಿತು. ಶಿವಶಂಕರನ ನೊರೆ ಹಚ್ಚಿದ ಮುಖ ಕನ್ನಡಿಯಲ್ಲಿ ಬೆಳ್ಳಗಿತ್ತು. ಅವನು ಕೈ ನಿಲ್ಲಿಸಲಿಲ್ಲ.

"ಅಕ್ಕಾ," ಎಂದ ಕ್ರಾಂತಿ. "ಭಾವ... ಇದು ಅಪ್ಪನ..."

"ಅಪ್ಪಂದ ಐತಿ," ಎಂದಳು ಯಶೋಧಾ, ಬಾಗಿಲಿಗೆ ಅಷ್ಟು ಹತ್ತಿರದಿಂದ. "ಗಂಟಿನಾಗಿಂದ ತಗದಾಕಿ ನಾನು. ಸೆರಗಿನಾಗ ಇಟ್ಕೊಂಡು ನಿಂತಿದ್ದೆ. ನೀವೆಲ್ಲಾ ಸೇರಿ ಇವರ ಚೀಲ ಕೊಡವ್ಸಿದ್ರಿ, ನಾನು ನೋಡ್ಕೊಂತ ನಿಂತೆ. ಇವರಿಗೆ ಏನೂ ಗೊತ್ತಿದ್ದಿಲ್ಲ. ಊರಾಗ ಹೋಗಿ ಎಲ್ಲಾರಿಗೂ ಹೇಳು."

ಹೊರಗೆ ಯಾರೋ ಮೂಗೆಳೆದರು, ಅಕ್ಕನೋ ತಮ್ಮನೋ. ತನ್ನ ಹೆಸರು ತನಗೆ ವಾಪಸು ಬಂತು. ಇಷ್ಟು ದಿನ ಕಾದದ್ದು ಇದಕ್ಕೇ. ಶಿವಶಂಕರನ ಕಣ್ಣು ತುಂಬಿತು, ಬಾಗಿಲು ತೆರೆದು ಏನಾದರೂ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಅದೇ ದನಿ, ಈಗ ತಗ್ಗಿ, ಬಾಗಿಲಿಗೆ ಹಣೆ ತಾಗಿಸಿದಂತೆ ಕೇಳಿಸಿತು. "ರೀ, ಇಷ್ಟು ದಿನ ಹೇಳಬೇಕು ಹೇಳಬೇಕು ಅಂತ ಸುಮ್ನಿದ್ದೆ. ಒಂದೀಟು ಸಾವಕಾಶ ಎಳೀರಿ. ಅಪ್ಪ ಇಷ್ಟು ಅವಸರ ಮಾಡ್ತಿದ್ದಿಲ್ಲ."

ಅವನ ಕೈ ನಿಂತಿತು. ದಿನಾ ಬೆಳಿಗ್ಗೆ ತಾನು ಬಾಗಿಲ ಈಚೆ ನಿಂತು ರೇಜರಿನ ಜೊತೆ ರೇಜರನ್ನು ಹೋಲಿಸಿ ನೋಡುತ್ತಿದ್ದಾಗ, ಬಾಗಿಲ ಆಚೆ ಇವಳು ಯಾವ ಸದ್ದನ್ನು ಯಾವ ಸದ್ದಿನ ಜೊತೆ ಹೋಲಿಸುತ್ತಿದ್ದಳು ಎಂಬುದು ಈಗ ಗೊತ್ತಾಯಿತು. ನೊರೆ ಒಣಗುತ್ತಿತ್ತು, ಚರ್ಮ ಬಿಗಿಯುತ್ತಿತ್ತು. ಗದ್ದದ ಕೆಳಗೆ ಎಂದಿನ ಹಾಗೆ ಸ್ವಲ್ಪ ಉಳಿಯಬಹುದು. ಶಿವಶಂಕರ ಹಿಡಿಯನ್ನು ಮೆಲ್ಲಗೆ ಎಳೆದ, ತಡೆದ, ಉಸಿರು ಬಿಟ್ಟು ಮತ್ತೆ ಎಳೆದ. ಇದು ಸರಿಯಾಯಿತೋ ಇಲ್ಲವೋ ಎಂದು ಬಾಗಿಲ ಆಚೆಗೆ ಕಿವಿಗೊಟ್ಟು ಅವನು ಮಸೆಯುತ್ತಲೇ ಇದ್ದ.